ಕತ್ತರಿ ದಾಟದ ಗೆರೆ

ಮೆಲ್ಬರ್ನ್ ಹೊರವಲಯದ ಟಾರ್ನೀಟ್‌ನಲ್ಲಿರುವ ನಮ್ಮ ಸೀರೆ ಅಂಗಡಿಯ ನೆಲದ ಮೇಲೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಹಳದಿ ಟೇಪಿನ ಒಂದು ಗೆರೆ ಇದೆ. ಅಂಟಿಸಿದವಳು ನಾನು. ಗೆರೆಯ ಒಂದು ಬದಿಗೆ ದಾನವಾಗಿ ಬಂದ ಸೀರೆಗಳು. ಇನ್ನೊಂದು ಬದಿಗೆ ಹೊಲಿಗೆ ಮಿಷನ್ನು, ಅಳತೆ ಪಟ್ಟಿ, ಕತ್ತರಿಗಳು. ಹರಿದ ಸೀರೆ ಗೆರೆ ದಾಟಿ ಆಚೆ ಹೋಗಬಹುದು. ಅಲ್ಲಿ ಅದು ಚೀಲವಾಗುತ್ತದೆ, ದಿಂಬಿನ ಚೀಲವಾಗುತ್ತದೆ, ಮಕ್ಕಳ ಲಂಗವಾಗುತ್ತದೆ. ಆದರೆ ಕತ್ತರಿ ಈಚೆ ಬರಕೂಡದು.

ಅಂಗಡಿ ತೆರೆದ ಮೊದಲ ತಿಂಗಳಲ್ಲೇ ಈ ನಿಯಮ ಮಾಡಿದಾಗ ನನ್ನ ತಲೆಯಲ್ಲಿ ತೆರಿಗೆಯ ಯೋಚನೆ ಲವಲೇಶವೂ ಇರಲಿಲ್ಲ. ನಮ್ಮ ಸ್ವಯಂಸೇವಕಿಯೊಬ್ಬರು ಉತ್ಸಾಹದಲ್ಲಿ, ಒಳ್ಳೆಯ ಇಳಕಲ್ ಸೀರೆಯೊಂದರ ಸೆರಗನ್ನು ಚೀಲದ ಬಟ್ಟೆಯೆಂದು ತಿಳಿದು ಕಚಕ್ಕನೆ ಕತ್ತರಿಸಿಬಿಟ್ಟಿದ್ದರು. ಸೀರೆ ಕೊಟ್ಟಿದ್ದ ತಾಯಿ ಅದೇ ವಾರ ಅಂಗಡಿಗೆ ಬಂದರು. ಸೆರಗಿನ ತುಂಡನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡು ಹೋದರು. ಮರುದಿನ ಬೆಳಿಗ್ಗೆ ನಾನು ಹಾರ್ಡ್‌ವೇರ್ ಅಂಗಡಿಯಿಂದ ಟೇಪು ತಂದೆ. ಈಚೆಯ ಸೀರೆಗಳಿಗೆ ಬಿಳಿ ಚೀಟಿ, ಆಚೆಯ ಚೀಲ-ಲಂಗಗಳಿಗೆ ಕೆಂಪು ಚೀಟಿ ಕಟ್ಟಿಸಿದೆ. ಬಿಲ್ಲಿನ ಯಂತ್ರದಲ್ಲೂ ಎರಡಕ್ಕೂ ಬೇರೆ ಬೇರೆ ಗುಂಡಿ ಮಾಡಿಸಿದೆ. ಎಲ್ಲರೂ ನಕ್ಕರು.

ನಗಲಿ. ನಾನು ಬೆಳೆದದ್ದು ಚಿತ್ರದುರ್ಗದ ಒಂದು ಹೆಣ್ಣುಮಕ್ಕಳ ಉಚಿತ ಹಾಸ್ಟೆಲಿನಲ್ಲಿ. ದುಡಿದು ನಿವೃತ್ತಳಾದದ್ದು ಅಂಥದೇ ಇನ್ನೊಂದು ಹಾಸ್ಟೆಲಿನ ವಾರ್ಡನ್ ಆಗಿ. ಬೆಳಗಿನ ಗಂಟೆ, ಸ್ನಾನದ ಸಾಲು, ತಟ್ಟೆ ತೊಳೆದು ಬೋರಲು ಹಾಕುವ ಕಟ್ಟೆ. ಎಲ್ಲದಕ್ಕೂ ಒಂದು ಹೊತ್ತು, ಒಂದು ಜಾಗ. ಮಗಳ ಜೊತೆ ಇರಲು ಮೆಲ್ಬರ್ನ್‌ಗೆ ಬಂದ ಮೇಲೂ ಅದು ಬಿಟ್ಟುಹೋಗಲಿಲ್ಲ. "ಅಮ್ಮಾ, ಇದು ಮನೆ ಕಣಮ್ಮ, ಹಾಸ್ಟೆಲ್ ಅಲ್ಲ" ಅನ್ನುತ್ತಾಳೆ ಮಗಳು. ಹಾಗಂದವಳೇ ಕಾರಿನ ಕೀ ಕಾಣದಿದ್ದಾಗ ನನ್ನನ್ನು ಕೂಗುತ್ತಾಳೆ.

ಅಂಗಡಿ ನಮ್ಮ ಚಾರಿಟಿಯದು. ಸಂಸ್ಥೆ ಹುಟ್ಟಿದ್ದು ಸಿಡ್ನಿಯಲ್ಲಿ. ಸಮಿತಿಯೂ ಅಧ್ಯಕ್ಷರೂ ಅಲ್ಲೇ. ಮೆಲ್ಬರ್ನ್‌ನಲ್ಲಿ ಇರುವುದು ಈ ಅಂಗಡಿ, ಮತ್ತು ಅಂಗಡಿಯ ಆದಾಯದಲ್ಲಿ ಓಡುವ ಒಂದು ಬಿಳಿ ವ್ಯಾನು. ಕಾರಿಲ್ಲದ, ಮನೆಯಲ್ಲಿ ಕರೆದೊಯ್ಯುವವರಿಲ್ಲದ ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸಿ ವಾಪಸ್ ಕರೆತರುವುದು ಅದರ ಕೆಲಸ. ಬಾಡಿಗೆ ಕೇಳುವುದಿಲ್ಲ.

ಆ ವ್ಯಾನಿನ ಮುಂದಿನ ಸೀಟು ಯಾರದೆಂದು ಎಲ್ಲರಿಗೂ ಗೊತ್ತು. ಉಡುಪಿ ಕಡೆಯ ನನ್ನ ಗೆಳತಿಯದು. ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ, ನರ್ಸುಗಳ ಜೊತೆ ಎರಡೂ ಸೇರಿದ ಇಂಗ್ಲಿಷು. ಅವಳಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಗ ಸೊಸೆ ಇಬ್ಬರಿಗೂ ಶಿಫ್ಟ್ ಕೆಲಸ. ಡಯಾಲಿಸಿಸ್ ಮುಗಿದ ಮೇಲೆ ತಲೆ ಸುತ್ತುತ್ತದೆ. ಬಸ್ಸು ಹತ್ತುವ ಮಾತೇ ಇಲ್ಲ. ಉಳಿದ ದಿನಗಳಲ್ಲಿ ಅವಳು ನಮ್ಮ ಅಂಗಡಿಯಲ್ಲಿ, ಗೆರೆಯ ಈಚೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಸೀರೆಗಳಿಗೆ ಫಾಲ್ ಹಾಕುತ್ತಾಳೆ. ಕತ್ತರಿ ತರುವಂತಿಲ್ಲವಾದ್ದರಿಂದ ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾಳೆ.

"ವಾರ್ಡನ್ ಅಕ್ಕ, ಹಲ್ಲು ಸವೆದ್ರೆ ನೀವೇ ಕಟ್ಟಿಸಿಕೊಡ್ಬೇಕು" ಅನ್ನುವಳು.

"ಮಿಷನ್ನಿನ ಹತ್ತಿರ ಹೋಗಿ ಕತ್ತರಿಸಿಕೊಂಡು ಬಾ. ಯಾರು ಬೇಡ ಅಂದರು?"

"ಅಲ್ಲಿವರೆಗೆ ನಡೀಲಿಕ್ಕೆ ಟಿಕೆಟ್ ಉಂಟಾ ಇಲ್ವಾ ಮಾರಾಯ್ರೆ? ಗಡಿ ಬೇರೆ ಹಾಕಿದ್ದೀರಿ."

ಹೀಗೆ ನಡೆಯುತ್ತಿದ್ದಾಗ ಒಂದು ದಿನ ಸಿಡ್ನಿಯಿಂದ ಅಧ್ಯಕ್ಷರ ಫೋನು ಬಂತು. ಬೆಂಗಳೂರಿನವರು, ಐಟಿ ಕೆಲಸ, ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ದನಿ ಇನ್ನಷ್ಟು ಮೆತ್ತಗಾಗುತ್ತದೆ.

"ಆಂಟಿ, ಸ್ಪೀಕರ್‌ನಲ್ಲಿ ಹಾಕ್ಬೇಡಿ."

ಅಷ್ಟರಲ್ಲಿ ಹಾಕಿಯಾಗಿತ್ತು. ಇಸ್ತ್ರಿ ಮಾಡುವಾಗ ನಾನು ಫೋನನ್ನು ಕೈಯಲ್ಲಿ ಹಿಡಿಯುವುದಿಲ್ಲ.

ವಿಷಯ ಇಷ್ಟು. ಈ ದೇಶದಲ್ಲಿ ಚಾರಿಟಿಯೊಂದು ದಾನವಾಗಿ ಬಂದ ಹಳೆಯ ವಸ್ತುವನ್ನು ಅದು ಇದ್ದ ಹಾಗೆಯೇ ಮಾರಿದರೆ ಜಿಎಸ್‌ಟಿ ಕಟ್ಟಬೇಕಿಲ್ಲ. ಅದರ ಮೂಲ ಸ್ವರೂಪವನ್ನೇ ಬದಲಾಯಿಸಿ ಬೇರೆ ವಸ್ತು ಮಾಡಿ ಮಾರಿದರೆ ಕಟ್ಟಬೇಕಾಗಬಹುದು. ನಾವು ಇಷ್ಟು ವರ್ಷ ಕಟ್ಟಿರಲಿಲ್ಲ. ಹೊಸದಾಗಿ ಬಂದ ಆಡಿಟರ್ ನಮ್ಮ ಅಂಗಡಿಯ ಬೋರ್ಡಿನ ಫೋಟೋ ನೋಡಿ ತಕರಾರು ಎತ್ತಿದ್ದರು. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ರೀಮೇಡ್ ಸ್ಯಾರೀಸ್' ಎಂದಿತ್ತು. ಕೆಳಗೆ ಕನ್ನಡದಲ್ಲಿ, 'ಮರುಸೃಷ್ಟಿಸಿದ ಸೀರೆಗಳು'. ನೀವೇ ಮರುಸೃಷ್ಟಿ ಎಂದು ಬರೆದ ಮೇಲೆ ಸ್ವರೂಪ ಬದಲಾಗಿಲ್ಲ ಎಂದು ಹೇಗೆ ಹೇಳುತ್ತೀರಿ? ಆಡಿಟರ್ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಆ ಬೋರ್ಡಿನ ಕಥೆ ನನಗೆ ಗೊತ್ತು. ಅಂಗಡಿ ತೆರೆಯುವಾಗ ಸಮಿತಿಯಲ್ಲಿ ಒಂದು ಇಡೀ ಮಧ್ಯಾಹ್ನ ಇದರದೇ ಚರ್ಚೆ. "ಸೆಕೆಂಡ್ ಹ್ಯಾಂಡ್ ಅಂದ್ರೆ ನಮ್ ಜನ ಒಳಗೆ ಕಾಲಿಡಲ್ಲ" ಅಂದಿದ್ದರು ಅಧ್ಯಕ್ಷರು. ನಮ್ಮವರು ಹಳೆಯ ಕಾರು ಕೊಳ್ಳುತ್ತಾರೆ, ಹಳೆಯ ಸೋಫಾ ಕೊಳ್ಳುತ್ತಾರೆ, ಹಳೆಯ ಮನೆಯನ್ನು ಹರಾಜಿನಲ್ಲಿ ಜಗಳವಾಡಿ ಕೊಳ್ಳುತ್ತಾರೆ. ಯಾರೋ ಉಟ್ಟು ಬಿಟ್ಟ ಸೀರೆ ಎಂದರೆ ಮಾತ್ರ ಮುಖ ಹಿಂಡುತ್ತಾರೆ. ಅದಕ್ಕೇ ಮರುಸೃಷ್ಟಿ ಎಂಬ ಮುಸುಕು. ನಾವು ಮಾಡುತ್ತಿದ್ದುದೋ, ಒಗೆಸಿ, ಇಸ್ತ್ರಿ ಹಾಕಿ, ಒಂದು ಫಾಲ್ ಹೊಲಿದು ಮಾರುವುದು. ಮಾಡದ ಕೆಲಸವನ್ನು ಮಾಡಿದ್ದೇವೆಂದು ಊರಿಗೆಲ್ಲ ಸಾರಿ, ಈಗ ಅದಕ್ಕೆ ತೆರಿಗೆ ಕೇಳಿಸಿಕೊಳ್ಳುವ ಸ್ಥಿತಿ.

"ಹಿಂದಿನ ವರ್ಷಗಳದ್ದೂ ಸೇರಿಸಿ ಕಟ್ಟಬೇಕಾದ್ರೆ, ಆಂಟಿ..." ಅಧ್ಯಕ್ಷರು ನಿಲ್ಲಿಸಿದರು. "ವ್ಯಾನ್ ಮಾರ್ಬೇಕಾಗುತ್ತೆ. ಬೇರೆ ಏನಿದೆ ನಮ್ಮತ್ರ?"

ಕಿಟಕಿಯ ಪಕ್ಕದಲ್ಲಿ ಸೂಜಿ ನಿಂತಿತು. ಗೆಳತಿ ತಲೆ ಎತ್ತಲಿಲ್ಲ. "ವ್ಯಾನಿಲ್ಲದಿದ್ರೆ ಟ್ಯಾಕ್ಸಿ" ಅಂದಳು. "ಟ್ಯಾಕ್ಸಿಗೆ ಮಗ ಇನ್ನೊಂದು ಶಿಫ್ಟ್ ಹಾಕ್ಬೇಕು. ಈಗ್ಲೇ ಅವನು ಮನೆಗೆ ಬರುದು ನಿದ್ದೆ ಮಾಡ್ಲಿಕ್ಕೆ ಮಾತ್ರ."

ಅವಳ ಬಾಯಲ್ಲಿ ತಮಾಷೆಯಿಲ್ಲದ ಮಾತು ಕೇಳಿದ್ದು ಅದೇ ಮೊದಲು.

ಚಾರಿಟಿಗಳಿಗೆ ತೆರಿಗೆಯ ಸಲಹೆ ಕೊಡುವ ಒಬ್ಬ ಮಹಿಳೆಯನ್ನು ಸಿಡ್ನಿಯಲ್ಲಿ ಸಮಿತಿಯವರು ಗೊತ್ತುಮಾಡಿದ್ದರು. ಶುಕ್ರವಾರ ಪ್ಯಾರಮ್ಯಾಟದ ಅವರ ಕಚೇರಿಯಲ್ಲಿ ಭೇಟಿ. ನಾನೂ ಬರುತ್ತೇನೆ ಎಂದೆ. "ಝೂಮ್‌ನಲ್ಲಿ ಜಾಯಿನ್ ಆಗಿ ಆಂಟಿ, ಸಾಕು" ಅಂದರು ಅಧ್ಯಕ್ಷರು. ಝೂಮ್‌ನಲ್ಲಿ ಸೀರೆಯನ್ನು ಮುಟ್ಟಿ ನೋಡಲಾಗುವುದಿಲ್ಲ ಎಂದೆ. ಗುರುವಾರ ಸಂಜೆ ಬಿಳಿ ಚೀಟಿಯ ಸಾಲಿನಿಂದ ಒಂದು ಹಸಿರು ಮೈಸೂರು ರೇಷ್ಮೆ ಸೀರೆ, ಕೆಂಪು ಚೀಟಿಯ ಸಾಲಿನಿಂದ ಒಂದು ಚೀಲ, ಒಂದು ಲಂಗ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಹಸಿರು ಸೀರೆಗೆ ಗೆಳತಿ ಆಗತಾನೆ ಫಾಲ್ ಹಾಕಿ ಮುಗಿಸಿದ್ದಳು.

"ಜಾಗ್ರತೆ ಅಕ್ಕ. ಅದು ನನ್ನ ಒಳ್ಳೆ ಹೊಲಿಗೆ."

ಸಲಹೆಗಾರ್ತಿ ನನ್ನಷ್ಟೇ ವಯಸ್ಸಿನ ಆಸ್ಟ್ರೇಲಿಯನ್ ಹೆಂಗಸು. ಬಿಳಿ ಕೂದಲನ್ನು ಒಂದೂ ಎಳೆ ಹೊರಗೆ ಬಾರದಂತೆ ಹಿಂದಕ್ಕೆ ಬಾಚಿದ್ದರು. ಮೇಜಿನ ಮೇಲೆ ಪೆನ್ಸಿಲ್‌ಗಳು ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿದ್ದವು. ನೋಡಿದ ಕೂಡಲೇ ಮನಸ್ಸಿಗೆ ಸಮಾಧಾನವಾಯಿತು.

ಅಧ್ಯಕ್ಷರು ಲ್ಯಾಪ್‌ಟಾಪ್ ತೆರೆದು ವಿವರಿಸತೊಡಗಿದರು. ಸಮುದಾಯ, ಸಂಸ್ಕೃತಿ, ಪರಿಸರ ಎಂಬ ಮಾತುಗಳು ಬಂದವು. ಆಕೆ ಕೇಳಿಸಿಕೊಂಡು, ಕೊನೆಗೆ ಬೋರ್ಡಿನ ಫೋಟೋವನ್ನು ಪೆನ್ಸಿಲಿನಿಂದ ತೋರಿಸಿದರು.

"ನೀವು ಏನನ್ನು ಏನಾಗಿ ಮಾಡುತ್ತೀರಿ? ಅದೊಂದನ್ನು ಹೇಳಿ."

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಎದ್ದು ಪೆಟ್ಟಿಗೆ ತೆರೆದೆ.

ಹಸಿರು ಸೀರೆಯನ್ನು ಮೇಜಿನ ಉದ್ದಕ್ಕೆ ಬಿಡಿಸಿದೆ. ಮೇಜು ಸಾಲಲಿಲ್ಲ, ಅಧ್ಯಕ್ಷರು ಒಂದು ತುದಿ ಹಿಡಿದುಕೊಂಡು ಬಾಗಿಲವರೆಗೆ ಹಿಂದೆ ಸರಿಯಬೇಕಾಯಿತು. ಇದು ಹೊಲಿಗೆಯಿಲ್ಲದ ಬಟ್ಟೆ, ನೇಯ್ದು ಮಗ್ಗದಿಂದ ಇಳಿಸಿದ ಹಾಗೆಯೇ ಇದೆ ಎಂದೆ. ಮದುವೆಯಲ್ಲಿ ಉಟ್ಟವಳು ಹೀಗೇ ಉಟ್ಟಳು, ನಮ್ಮಿಂದ ಕೊಂಡವಳೂ ಹೀಗೇ ಉಡುತ್ತಾಳೆ.

ಆಕೆ ಕನ್ನಡಕ ಏರಿಸಿ ಅಂಚಿನ ಹತ್ತಿರ ಬಾಗಿದರು. ಒಳಬದಿಯಲ್ಲಿ ಹೊಲಿದಿದ್ದ ಹತ್ತಿಯ ಪಟ್ಟಿ ಕಣ್ಣಿಗೆ ಬಿತ್ತು.

"ಇದು?"

"ಫಾಲ್. ಅಂಚು ನೆಲಕ್ಕೆ ಉಜ್ಜಿ ಸವೆಯದಿರಲಿ, ನೆರಿಗೆ ತೂಕದಿಂದ ಇಳಿಯಲಿ ಅಂತ."

"ಇದು ಬಂದಾಗ ಇರಲಿಲ್ಲ. ನೀವು ಹೊಲಿದಿರಿ."

"ಹೌದು."

"ಅಂದರೆ ಬಂದ ವಸ್ತುವಿಗೆ ನೀವು ಏನನ್ನೋ ಸೇರಿಸಿದ್ದೀರಿ."

ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದ ಅಧ್ಯಕ್ಷರ ಮುಖ ಸಣ್ಣದಾಯಿತು. ಹಾಸ್ಟೆಲಿನಲ್ಲಿ ಇನ್ಸ್‌ಪೆಕ್ಷನ್‌ಗೆ ಬಂದವರು ಸರಿಯಾದ ಪ್ರಶ್ನೆ ಕೇಳಿದಾಗ ಮಾತಿಗಿಂತ ಕಪಾಟು ತೆರೆದು ತೋರಿಸುವುದು ಒಳ್ಳೆಯದೆಂದು ಕಲಿತಿದ್ದೆ. ಕುರ್ಚಿ ಎಳೆದುಕೊಂಡು ಕೂತೆ. ಫಾಲಿನ ತುದಿಯಲ್ಲಿ ಗೆಳತಿ ಹಾಕಿದ್ದ ಗಂಟನ್ನು ಉಗುರಿನಿಂದ ಬಿಡಿಸಿದೆ. ಎಳೆದೆ.

ಎಂಥ ಹೊಲಿಗೆ ಅದು! ಸಣ್ಣ ಸಣ್ಣ ಸಮನಾದ ಹೆಜ್ಜೆಗಳು. ಮೊಳದುದ್ದ ದಾರ ಎಲ್ಲೂ ತಡೆಯದೆ ಜಾರಿ ಕೈಗೆ ಬಂತು. ಇನ್ನೊಂದು ಗಂಟು, ಇನ್ನೊಂದು ಮೊಳ. ಆಕೆಯೂ ಕುರ್ಚಿ ಎಳೆದುಕೊಂಡು ಇನ್ನೊಂದು ತುದಿಯಿಂದ ಬಿಡಿಸತೊಡಗಿದರು. ಕೆಳಗೆ ರಸ್ತೆಯಲ್ಲಿ ಟ್ರಾಮಿನಂಥ ಲೈಟ್ ರೈಲು ಗಂಟೆ ಬಾರಿಸಿಕೊಂಡು ಹೋಯಿತು. ಕೊನೆಯ ಹೊಲಿಗೆ ಬಿಟ್ಟ ಕೂಡಲೇ ಪಟ್ಟಿ ಕಳಚಿ ಮಡಿಲಿಗೆ ಬಿತ್ತು. ನಾನು ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದೆ. ಸೂಜಿಯ ಗುರುತುಗಳೂ ಮುಚ್ಚಿಕೊಂಡವು.

"ಈಗ ಇದು ಬಂದಾಗ ಹೇಗಿತ್ತೋ ಹಾಗೆ" ಎಂದೆ. "ಶೂಗೆ ಹೊಸ ಹಿಮ್ಮಡಿ ಹೊಡೆಸಿದರೆ ಅದು ಚಪ್ಪಲಿಯಾಗುವುದಿಲ್ಲ."

ನಂತರ ಚೀಲ ಮತ್ತು ಲಂಗವನ್ನು ಮೇಜಿನ ಮೇಲಿಟ್ಟೆ. ಇವು ಮಾತ್ರ ಸೀರೆಯಾಗಿ ಉಳಿದಿಲ್ಲ. ದಾರ ಎಳೆದರೂ ಮತ್ತೆ ಸೀರೆಯಾಗುವುದಿಲ್ಲ. ಇವಕ್ಕೆ ತೆರಿಗೆ ಬೀಳುವುದಾದರೆ ಬೀಳಲಿ, ಕಟ್ಟುತ್ತೇವೆ.

ಆಕೆಯ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. ಕೂಡಲೇ ಮಾಯವಾಯಿತು. "ವಾದ ಚೆನ್ನಾಗಿದೆ. ಆದರೆ ಇಷ್ಟು ವರ್ಷ ಮಾರಿದ್ದರಲ್ಲಿ ಯಾವುದು ಸೀರೆ, ಯಾವುದು ಚೀಲ? ಬೇರೆ ಮಾಡಿ ತೋರಿಸಲಾಗದಿದ್ದರೆ ತೆರಿಗೆ ಕಚೇರಿ ಎರಡನ್ನೂ ಒಟ್ಟಿಗೇ ನೋಡುತ್ತದೆ. ಹೆಚ್ಚಿನ ಚಾರಿಟಿ ಅಂಗಡಿಗಳು ಸಿಕ್ಕಿಕೊಳ್ಳುವುದು ಇಲ್ಲೇ."

ನಾನು ಅಧ್ಯಕ್ಷರನ್ನು ನೋಡಿದೆ. ಅಧ್ಯಕ್ಷರು ನನ್ನನ್ನು ನೋಡಿದರು. ನಂತರ ಆ ಮನುಷ್ಯ, ಸೆರಗನ್ನು ಕೈಬಿಡದೆಯೇ, ಹಳದಿ ಟೇಪಿನ ಕಥೆ ಹೇಳಲು ಶುರುಮಾಡಿದರು. ಬಿಳಿ ಚೀಟಿ, ಕೆಂಪು ಚೀಟಿ, ಎರಡು ಗುಂಡಿ, ಹಲ್ಲಿನಲ್ಲಿ ದಾರ ಕಡಿಯುವುದು, ಎಲ್ಲ. ನಾನೇ ಹೇಳಿದ್ದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. "ನಾವೆಲ್ಲ ತಮಾಷೆ ಮಾಡ್ತಿದ್ವಿ" ಎಂದು ಕೊನೆಗೆ ಕನ್ನಡದಲ್ಲೇ ಹೇಳಿಬಿಟ್ಟರು. ಸಲಹೆಗಾರ್ತಿಗೆ ಅದೂ ಅರ್ಥವಾದಂತೆ ಕಂಡಿತು.

"ಹಾಗಾದರೆ ಮೊದಲು ಆ ಬೋರ್ಡನ್ನು ಇಳಿಸಿ" ಎಂದರು. "ನಿಮ್ಮ ಮೇಲೆ ನೀವೇ ಸಾಕ್ಷಿ ಹೇಳಿಕೊಳ್ಳುತ್ತಿದ್ದೀರಿ."

ಮಾತು ಅಲ್ಲಿಗೆ ಮುಗಿಯಲಿಲ್ಲ. ಅಂಗಡಿಯ ರೆಂಟ್ ಕಟ್ಟುತ್ತೀರಲ್ಲ, ವ್ಯಾನು ರಿಪೇರಿ ಮಾಡಿಸುತ್ತೀರಲ್ಲ, ಅದರಲ್ಲೆಲ್ಲ ನೀವು ಕೊಡುವ ಜಿಎಸ್‌ಟಿ ಸೇರಿದೆಯಲ್ಲ, ಅದನ್ನು ವಾಪಸ್ ಕೇಳಿದ್ದೀರಾ ಎಂದರು. ಕೇಳಿರಲಿಲ್ಲ. ಅಧ್ಯಕ್ಷರು ತಲೆ ತಗ್ಗಿಸಿ, "ನಮ್ಮದು ಸೇವೆ. ಸರ್ಕಾರದ ಮುಂದೆ ಕೈಚಾಚೋದು ಸರಿ ಅನ್ನಿಸಲಿಲ್ಲ" ಎಂದರು.

"ಕೈಚಾಚುವುದಲ್ಲ ಇದು. ನೋಂದಾಯಿತ ಚಾರಿಟಿಗೆ ಕಾಯ್ದೆಯೇ ಕೊಟ್ಟ ಹಕ್ಕು. ಅವಧಿ ಮೀರಿದರೆ ಹೋಯಿತು. ನೀವು ನಾಚಿಕೊಂಡು ಬಿಟ್ಟದ್ದರಲ್ಲಿ ಎಷ್ಟು ಜನ ಆಸ್ಪತ್ರೆಗೆ ಹೋಗಿ ಬರಬಹುದಿತ್ತು ಯೋಚಿಸಿ."

ಹಳೆಯದು ಎನ್ನಲು ನಾಚಿಕೆ, ನಮ್ಮದನ್ನು ಕೇಳಲು ನಾಚಿಕೆ. ಎರಡೂ ಸೇರಿ ಒಂದು ವ್ಯಾನನ್ನು ನುಂಗಲು ಹೊರಟಿದ್ದವು. ನಾನು ಸೀರೆ ಮಡಿಸಿದೆ.

ತನ್ನ ಅಭಿಪ್ರಾಯವೊಂದೇ ಸಾಲದು, ತೆರಿಗೆ ಕಚೇರಿಯನ್ನೇ ಬರೆದು ಕೇಳಿ ಅವರ ತೀರ್ಮಾನ ಪಡೆಯೋಣ ಎಂದರು ಆಕೆ. ನನಗೆ ಅದೇ ಬೇಕಿತ್ತು. ಬಾಯಿಮಾತಿನ ಒಪ್ಪಿಗೆಯನ್ನು ನಾನು ಎಂದೂ ನಂಬಿದವಳಲ್ಲ.

ಉತ್ತರ ಬರುವವರೆಗಿನ ವಾರಗಳಲ್ಲಿ ಬೋರ್ಡಿನ ಜಗಳ ಮತ್ತೆ ಎದ್ದಿತು. "ಪ್ರೀ-ಲವ್ಡ್ ಸ್ಯಾರೀಸ್ ಅಂತ ಹಾಕೋಣ ಆಂಟಿ, ಹಳೇದಕ್ಕೆ ಇಲ್ಲಿ ಎಲ್ರೂ ಹಾಗೇ ಹಾಕ್ತಾರೆ" ಎಂದರು ಅಧ್ಯಕ್ಷರು.

"ಸೀರೆಯನ್ನು ಯಾರೂ ಲವ್ ಮಾಡುವುದಿಲ್ಲ ಅಧ್ಯಕ್ಷರೇ. ಉಡುತ್ತಾರೆ."

"ಉಟ್ಟ ಸೀರೆ ಅಂದ್ರೆ ಯಾರೂ ಕೊಳ್ಳಲ್ಲ."

"ನಿಮ್ಮ ತಾಯಿಯ ಧಾರೆ ಸೀರೆಯನ್ನು ನಿಮ್ಮ ಮನೆಯವರು ಹಬ್ಬಕ್ಕೆ ಉಡುವುದಿಲ್ಲವೇ?"

"ಉಡ್ತಾಳೆ. ಅದು ಬೇರೆ."

ಕಿಟಕಿಯ ಪಕ್ಕದಿಂದ ಗೆಳತಿ ಕೂಗಿದಳು. "ಎಂತ ಬೇರೆ? ರೇಷ್ಮೆಗೆ ಮೈಲಿಗೆ ಇಲ್ಲ ಅಂತ ನಮ್ಮ ಅಜ್ಜಿ ಹೇಳ್ತಿದ್ರು. ನಿಮ್ಮ ಅಜ್ಜಿ ಎಂತ ಹೇಳ್ತಿದ್ರು, ರೀಮೇಡ್ ಅಂತವಾ?"

ಬೋರ್ಡು ಬದಲಾಯಿತು. ಕನ್ನಡದಲ್ಲಿ 'ಉಟ್ಟ ಸೀರೆಗಳು'. ಕೆಳಗೆ ಇಂಗ್ಲಿಷಿನಲ್ಲೂ ಅದನ್ನೇ ನೇರವಾಗಿ ಬರೆಸಿದೆ. ಮೊದಲ ವಾರ ಇಬ್ಬರು ಹೆಂಗಸರು ಬಾಗಿಲವರೆಗೆ ಬಂದು ಬೋರ್ಡು ಓದಿ ಹಿಂತಿರುಗಿದರು. ಎರಡನೆಯ ವಾರ ಅವರಲ್ಲೊಬ್ಬರು ತಮ್ಮ ಅತ್ತೆಯ ಸೀರೆಗಳ ಗಂಟು ತಂದು ಕೊಟ್ಟು, ಹೋಗುವಾಗ ಒಂದು ಕೊಂಡೂ ಹೋದರು. ಊರಿನ ಇನ್ನೊಂದು ತುದಿಯ ಕ್ರೇಗಿಬರ್ನ್‌ನಿಂದ ಒಂದು ತಂಡ ಮದುವೆಗೆಂದು ಬಂದು ಕಾಂಜೀವರಂ ಸಾಲನ್ನೇ ಖಾಲಿ ಮಾಡಿತು. ಯಾರೂ ಮುಖ ಹಿಂಡಲಿಲ್ಲ.

ಉತ್ತರ ಬಂದ ದಿನ ನಾನು ಎಂದಿನಂತೆ ಬಾಗಿಲು ತೆರೆದು, ಗೆರೆಯ ಮೇಲೆ ಒದ್ದೆ ಬಟ್ಟೆ ಹಾಕಿ ಒರೆಸುತ್ತಿದ್ದೆ. ಅಧ್ಯಕ್ಷರ ಫೋನು. ಈ ಸಲ ದನಿ ಮೆತ್ತಗಿರಲಿಲ್ಲ.

"ಆಂಟಿ, ಸ್ಪೀಕರ್ ಹಾಕಿ! ಹಾಕಿದ್ರಾ?"

ಸೀರೆಗಳಿಗೆ ತೆರಿಗೆ ಇಲ್ಲ. ಫಾಲ್ ಹಾಕಿದ್ದಕ್ಕೂ ಇಲ್ಲ. ಚೀಲ, ಲಂಗಗಳಿಗೆ ಕಟ್ಟಬೇಕು. ಹಿಂದಿನ ಬಾಕಿಯನ್ನೂ ಕಟ್ಟಬೇಕು. ಆದರೆ ರೆಂಟ್ ಮತ್ತು ವ್ಯಾನಿನ ಖರ್ಚಿನ ಮೇಲೆ ನಮಗೆ ವಾಪಸ್ ಬರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಎಲ್ಲ ಕಳೆದು ಉಳಿಯುವುದರಲ್ಲಿ ವ್ಯಾನಿಗೆ ಗಾಲಿಕುರ್ಚಿ ಎತ್ತುವ ಲಿಫ್ಟ್ ಹಾಕಿಸಬಹುದು.

ನಾನು ಒರೆಸುವ ಬಟ್ಟೆಯನ್ನು ಹಿಂಡಿ, ಒಣಗಲು ಹಾಕಿ, ಆಮೇಲೆ ಕೂತೆ. ಗೆಳತಿ ಅಷ್ಟರಲ್ಲಿ ಎದ್ದು ನಿಂತಿದ್ದಳು. ಅವಳು ಗೆರೆ ದಾಟಿ ಆಚೆ ಹೋಗಿ, ಅತಿ ದೊಡ್ಡ ಕತ್ತರಿಯನ್ನು ಎತ್ತಿಕೊಂಡು, ಸರಿಯಾಗಿ ಗೆರೆಯ ತುದಿಗೆ ಬಂದು ನಿಂತು ಗಾಳಿಯಲ್ಲಿ ಕಚಕಚ ಆಡಿಸಿದಳು.

"ಬರ್ಲಾ ಅಕ್ಕ? ಬರ್ಲಾ?"

"ಒಂದು ಹೆಜ್ಜೆ ಇಟ್ಟು ನೋಡು."

ಇಡಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಸಲಹೆಗಾರ್ತಿಗೆ ಶಾಲು ಹೊದಿಸಿ ಹಾರ ಹಾಕಬೇಕೆಂದು ಸಮಿತಿ ಹೊರಟಿತ್ತು. ಆಕೆ ಬೇಡವೆಂದರು. ತನಗೆ ಆ ಹಸಿರು ಸೀರೆ ಬೇಕು, ಚೀಟಿಯ ಮೇಲಿರುವ ಬೆಲೆಗೇ ಬೇಕು, ರಸೀದಿ ಸಮೇತ ಬೇಕು ಎಂದು ಬರೆದರು. ನನಗೆ ಆಕೆಯ ಮೇಲಿದ್ದ ಗೌರವ ಇನ್ನೊಂದು ಮೆಟ್ಟಿಲು ಏರಿತು. ಫಾಲ್ ಬಿಚ್ಚಿಹೋಗಿತ್ತಲ್ಲ, ಗೆಳತಿ ಅದೇ ಪಟ್ಟಿಯನ್ನು ಮತ್ತೆ ಹೊಲಿಯಲು ಕೂತಳು. ಬಿಚ್ಚಿದ್ದನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ.

"ಇನ್ನೊಂದು ಸಲ ಬಿಚ್ಚಿದ್ರೆ ಸಿಡ್ನಿಗೇ ಬರ್ತೇನೆ ಅಂತ ಆ ಮೇಡಂಗೆ ಇಂಗ್ಲಿಷ್‌ನಲ್ಲಿ ಬರ್ದು ಒಳಗೆ ಇಡಿ" ಅಂದಳು. ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಲ್ಲಿ ಕಡಿದಳು.

ಹೊರಗೆ ವ್ಯಾನಿನ ಹಾರ್ನ್ ಆಯಿತು. ಅವಳ ಆಸ್ಪತ್ರೆಯ ದಿನ, ಹೊಲಿಗೆ ಮುಗಿಸಲೆಂದೇ ಮೊದಲು ಅಂಗಡಿಗೆ ಬಂದಿದ್ದಳು. ಹೊಸ ಲಿಫ್ಟು ಅವತ್ತು ಮೊದಲ ಬಾರಿ ಕೆಲಸಕ್ಕೆ ಇಳಿದಿತ್ತು. ಗಾಲಿಕುರ್ಚಿಯಲ್ಲಿದ್ದ ಹಿರಿಯರೊಬ್ಬರನ್ನು ಅದು ಸದ್ದಿಲ್ಲದೆ ಎತ್ತಿ ಒಳಗೆ ಸೇರಿಸಿತು. ಗೆಳತಿ ಮುಂದಿನ ಸೀಟಿನ ಬಾಗಿಲು ತಾನೇ ತೆಗೆಯಬಲ್ಲಳು, ನಡೆಯಬಲ್ಲಳು. ಆದರೆ ಹಿಂದಕ್ಕೆ ಹೋಗಿ, ಡ್ರೈವರನಿಗೆ ಏನೋ ಹೇಳಿ, ಲಿಫ್ಟಿನ ಹಲಗೆಯ ಮೇಲೆ ನಿಂತು ಕಂಬಿ ಹಿಡಿದುಕೊಂಡಳು. ಹಲಗೆ ಮೇಲೇರಿತು. ಚುನಾವಣೆ ಗೆದ್ದ ಶಾಸಕಿಯ ಹಾಗೆ ಅವಳು ಒಂದು ಕೈ ಎತ್ತಿ ಅಂಗಡಿಗೆ, ಬೋರ್ಡಿಗೆ, ನನಗೆ ಬೀಸುತ್ತ ಬೀಸುತ್ತ ಏರಿದಳು.

ಅವರು ಹೊರಟದ್ದು ಸರಿಯಾದ ಹೊತ್ತಿಗೇ. ಗಡಿಯಾರ ನೋಡಿಕೊಂಡೆ.